ಎರಡೂ ಕಡೆ ಪಿನ್ನಿನ ವೈರು

ಅಕ್ಕನ ಮನೆಯ ನಡುಮನೆಯಲ್ಲಿ ಒಂದು ಜಾಗವಿದೆ. ಅಲ್ಲಿ ನಿಂತರೆ ಎಡಕ್ಕೆ ಗೋಡೆಯ ಮೇಲಿನ ಕರೆಂಟ್ ಬೋರ್ಡು ಕಾಣುತ್ತದೆ. ಬಲಕ್ಕೆ ತೆರೆದ ಮುಂಬಾಗಿಲು, ಅದರಾಚೆ ಗೇಟು, ಗೇಟಿನಾಚೆ ಬೀದಿಯ ಕಂಬ. ಆ ಭಾನುವಾರ ಬೆಳಿಗ್ಗೆ ನಾನು ಅಲ್ಲೇ ನಿಂತಿದ್ದೆ. ಕೈಯಲ್ಲಿ ಕಾಫಿ ಲೋಟವಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಭಾವ ನಾನು ಅಡುಗೆಮನೆಯಲ್ಲಿದ್ದೆ ಎಂದರು, ಅಕ್ಕನೂ ಹೌದು ಅಂದಳು. ನಾನು ಅಡುಗೆಮನೆಯಲ್ಲಿರಲಿಲ್ಲ.

ನಾನು ಗುಬ್ಬಿಯ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಇರುವುದು ತುಮಕೂರಿನ ಬಟವಾಡಿಯಲ್ಲಿ, ಬಾಡಿಗೆ ಮನೆಯಲ್ಲಿ. ಅಕ್ಕನ ಮನೆ ಅಲ್ಲಿಂದ ಆಟೋದಲ್ಲಿ ಹತ್ತು ನಿಮಿಷ. ಭಾವ ಸತ್ಯಮಂಗಲದ ಸಣ್ಣ ಕಾರ್ಖಾನೆಯೊಂದರಲ್ಲಿ ಸಾಮಾನಿನ ಉಗ್ರಾಣ ನೋಡಿಕೊಳ್ಳುತ್ತಾರೆ. ಇಪ್ಪತ್ತು ವರ್ಷ ಮೆಷಿನ್ನುಗಳ ಪಕ್ಕದಲ್ಲಿ ಓಡಾಡಿ, ಬೋಲ್ಟು ನಟ್ಟು ಎಣಿಸಿಕೊಟ್ಟು, ತಾವೂ ಎಂಜಿನಿಯರ್ ಆಗಿದ್ದೇವೆ ಎಂದುಕೊಂಡವರು. ನನ್ನನ್ನು ಮೇಷ್ಟ್ರಮ್ಮ ಅನ್ನುತ್ತಾರೆ. ಅದರಲ್ಲಿ ಗೌರವವಿಲ್ಲ.

ಬೇಸಿಗೆಯ ಮೊದಲಲ್ಲಿ ಅಕ್ಕನ ಮಗಳು ಕುಣಿಗಲ್ಲಿನ ಗಂಡನ ಮನೆಯಿಂದ ಹೆರಿಗೆಗೆಂದು ಬಂದಳು. ಏಳು ತಿಂಗಳು. ಆ ವರ್ಷ ಹಗಲಲ್ಲೂ ಕರೆಂಟು ಹೋಗುತ್ತಿತ್ತು, ಫ್ಯಾನ್ ನಿಂತರೆ ಹುಡುಗಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ಭಾವ ಇನ್ವರ್ಟರ್ ತಂದರು, ಇಬ್ಬರು ಹಿಡಿದು ಎತ್ತಬೇಕಾದ ಬ್ಯಾಟರಿ ತಂದರು, ಎರಡಕ್ಕೂ ಅರಿಶಿನ ಕುಂಕುಮ ಹಚ್ಚಿಸಿದರು. ಜೋಡಿಸಲು ಕುಣಿಗಲ್ಲಿಂದ ಎಲೆಕ್ಟ್ರಿಷಿಯನ್ ಬಂದ. ತುಮಕೂರಿನಲ್ಲಿ ಎಲೆಕ್ಟ್ರಿಷಿಯನ್ನರಿಗೆ ಬರವಿಲ್ಲ. ಆದರೆ ಇವನು ಅಳಿಯನ ಕಡೆಯವನು, ಅಳಿಯ ಹೇಳಿ ಕಳಿಸಿದವನು. ಅಳಿಯ ಕಳಿಸಿದವನನ್ನು ನಿನಗೆ ಕೆಲಸ ಬರುತ್ತದಾ ಎಂದು ಕೇಳುವ ಹಾಗಿಲ್ಲ.

ಅವನು ಬೋರ್ಡಿನ ಮುಚ್ಚಳ ತೆಗೆದು ನೋಡಿದ. ಇನ್ವರ್ಟರ್ ಇಟ್ಟಿದ್ದ ಮೂಲೆಯಿಂದ ಬೋರ್ಡಿನವರೆಗೆ ಬೇರೆ ಲೈನ್ ಎಳೆಯಬೇಕು. ಅಲ್ಲಿ ಫ್ಯಾನು ಲೈಟಿನ ತಂತಿಗಳನ್ನು ಬೀದಿ ಕರೆಂಟಿನಿಂದ ಬಿಡಿಸಿ, ಇನ್ವರ್ಟರಿನ ಲೈನಿಗೆ ಬೇರೆಯಾಗಿ ಸೇರಿಸಬೇಕು. ಸರಿಯಾದ ಕ್ರಮ ಅದು, ಅವನಿಗೂ ಗೊತ್ತಿತ್ತು. ಗೋಡೆಯೊಳಗಿನ ಪೈಪಿನಲ್ಲಿ ಹಳೆಯ ತಂತಿಗಳೇ ಕಿಕ್ಕಿರಿದಿದ್ದವು.

"ಗೋಡೆ ಕೊರೀಬೇಕು ಅಣ್ಣ. ಅರ್ಧ ದಿನದ ಕೆಲಸ" ಅಂದ.

ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ಬಸ್ರಿ ಇರೋ ಮನೇಲಿ ಗೋಡೆ ಕೊರೀತಾರೇನಪ್ಪಾ? ಒಂದು ಮೊಳೆ ಹೊಡೆಯೋ ಹಂಗಿಲ್ಲ. ನಿಮ್ಮನೇಲಿ ಹೇಳ್ಕೊಟ್ಟಿಲ್ವಾ?"

"ಹೌದಮ್ಮ, ಅದೂ ನಿಜಾನೇ" ಅಂತ ಅವನು ಡ್ರಿಲ್ ಮೆಷಿನ್ನನ್ನು ಚೀಲಕ್ಕೆ ಹಾಕಿಕೊಂಡ.

ಈ ನಂಬಿಕೆ ನನಗೆ ಹೊಸದಲ್ಲ. ನಮ್ಮ ಅಮ್ಮನೂ ಪಾಲಿಸಿದ್ದಳು. ಅದರ ಮೇಲೆ ನನಗೆ ತಿರಸ್ಕಾರವೂ ಇಲ್ಲ. ಅದು ಕೇಳಿದ್ದು ಇಷ್ಟೇ: ಎರಡು ತಿಂಗಳು ಗೋಡೆಯ ತಂಟೆಗೆ ಹೋಗಬೇಡಿ. ಮೊಳೆ ಹೊಡೆಯದೆ ಗೋಡೆಯ ಮೇಲೇ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಅದರೊಳಗೆ ವೈರ್ ಎಳೆಯಬಹುದು ಎಂದೆ.

"ಹಾಲ್‌ನಲ್ಲಾ? ಪೇಂಟ್ ಹೊಡ್ಸಿ ಆರು ತಿಂಗಳಾಗಿಲ್ಲ. ಬೀಗ್ರು ಬಂದು ನೋಡಿದ್ರೆ ಏನನ್ಕೊಂಡಾರು?" ಅಂದರು ಭಾವ.

"ಹಾಗಾದ್ರೆ ಹೆರಿಗೆ ಆಗೋವರೆಗೂ ಇನ್ವರ್ಟರಿಗೇ ಒಂದು ಟೇಬಲ್ ಫ್ಯಾನ್ ಸಿಗಿಸಿ ಅವಳ ಹತ್ರ ಇಡಿ, ಭಾವ. ಅಷ್ಟು ಸಾಕು."

"ಇಷ್ಟು ದೊಡ್ಡ ಬ್ಯಾಟ್ರಿ ತಂದು ಟೇಬಲ್ ಫ್ಯಾನಾ? ಎತ್ತಿನ ಗಾಡೀಲಿ ಸೂಜಿ ತಂದಂಗಾಯ್ತು ಮೇಷ್ಟ್ರಮ್ಮ."

ಎಲೆಕ್ಟ್ರಿಷಿಯನ್ ನಕ್ಕ. ಶಾಸ್ತ್ರವೂ ಕೆಡಬಾರದು, ಪೇಂಟೂ ಕೆಡಬಾರದು, ಇಡೀ ಮನೆಯ ಫ್ಯಾನುಗಳೂ ತಿರುಗಬೇಕು. ಹಾಗೆ ಎಲ್ಲವೂ ಬೇಕೆನ್ನುವವರಿಗಾಗಿಯೇ ಅವನ ಚೀಲದಲ್ಲಿ ಒಂದು ಉಪಾಯವಿತ್ತು. ಉದ್ದನೆಯ ವೈರು ಕತ್ತರಿಸಿ, ಒಂದು ತುದಿಗೆ ಮೂರು ಪಿನ್ನಿನ ಪ್ಲಗ್ ಹಾಕಿದ. ಇನ್ನೊಂದು ತುದಿಗೂ ಮೂರು ಪಿನ್ನಿನ ಪ್ಲಗ್ಗನ್ನೇ ಹಾಕಿದ. ಪಿನ್ನಿರುವ ಪ್ಲಗ್ಗನ್ನು ಆ ಕಸುಬಿನವರು ಗಂಡು ಅನ್ನುತ್ತಾರೆ. ಅದನ್ನು ಅಕ್ಕನ ಮುಂದೆ ಎತ್ತಿ ತೋರಿಸಿ, "ನೋಡಿ ಅಮ್ಮ, ಎರಡೂ ಕಡೆ ಗಂಡೇ. ಒಳ್ಳೆ ಶಕುನ ಬುಡಿ" ಅಂದ. ಅಕ್ಕನ ಮುಖ ಅರಳಿತು. ಒಳಗಿದ್ದ ಹುಡುಗಿ ನಗಲಿಲ್ಲ.

ಅದು ಹೀಗೆ ಕೆಲಸ ಮಾಡುತ್ತದೆ. ಒಂದು ತುದಿ ಇನ್ವರ್ಟರಿಗೆ, ಇನ್ನೊಂದು ತುದಿ ಗೋಡೆಯ ಸಾಕೆಟ್ಟಿಗೆ. ಸಾಕೆಟ್ಟು ಇರುವುದು ಕರೆಂಟು ತೆಗೆದುಕೊಳ್ಳಲು, ಇಲ್ಲಿ ಅದರೊಳಕ್ಕೆ ಕರೆಂಟು ತುಂಬುತ್ತಾರೆ. ಅಲ್ಲಿಂದ ಅದು ಹಿಮ್ಮುಖವಾಗಿ ಬೋರ್ಡಿಗೆ ಹೋಗಿ ಇಡೀ ಮನೆಗೆ ಹರಿಯುತ್ತದೆ. ಬೋರ್ಡಿನ ಮೇನ್ ಸ್ವಿಚ್ಚು ಮನೆಗೂ ಬೀದಿಗೂ ನಡುವಿನ ಬಾಗಿಲು. ಅದು ಕೆಳಗಿದ್ದರೆ ಕರೆಂಟು ಮನೆಯೊಳಗೇ ಇರುತ್ತದೆ. ಮೇಲಿದ್ದರೆ ಮೀಟರು ದಾಟಿ ಬೀದಿಯ ಕಂಬದವರೆಗೆ ಹೋಗುತ್ತದೆ.

ಇದನ್ನು ನಾನು ಹೇಳಿದೆ. "ಮೇನ್ ಆಫ್ ಮಾಡೋದು ಒಂದು ಸಲ ಮರೆತ್ರೆ ಕಂಬದ ಮೇಲಿರೋನು ಸಾಯ್ತಾನೆ" ಎಂದೇ ಹೇಳಿದೆ.

"ಮೇಡಂ ಓದಿರೋರು" ಅಂದ ಅವನು ಭಾವನಿಗೆ. "ಪುಸ್ತಕ ಬೇರೆ, ಫೀಲ್ಡು ಬೇರೆ ಅಣ್ಣ. ಕುಣಿಗಲ್ ಕಡೆ ಬೇಕಾದಷ್ಟು ಮನೆಗೆ ಕೊಟ್ಟಿದೀನಿ. ಒಂದು ಇಲಿ ಸತ್ತಿಲ್ಲ."

ಹೊರಡುವ ಮುಂಚೆ ಅವನು ಬೋರ್ಡಿನ ಮೇಲೊಂದು ಕೆಂಪು ದೀಪ ಕೂರಿಸಿದ. ಅದಕ್ಕೆ ತಂತಿ ತೆಗೆದದ್ದು ಮೇನ್ ಸ್ವಿಚ್ಚಿಗಿಂತ ಮೊದಲು, ಬೀದಿಯ ಕಡೆಯಿಂದ. ಮನೆಯ ದೀಪಗಳೆಲ್ಲ ಇನ್ವರ್ಟರಿನಲ್ಲಿ ಉರಿಯುತ್ತಿರುವಾಗ ಬೀದಿಯ ಕರೆಂಟು ಬಂದದ್ದು ಗೊತ್ತಾಗಬೇಕಲ್ಲ, ಅದಕ್ಕೆ.

ಮುಂದಿನ ಭಾನುವಾರ ಹೋದಾಗ ಬೋರ್ಡಿನ ಮುಚ್ಚಳದ ಒಳಗೆ ಭಾವ ಕಪ್ಪು ಮಾರ್ಕರಿನಲ್ಲಿ ಬರೆದಿದ್ದರು. ೧. ಮೇನ್ ಆಫ್. ೨. ಚಾರ್ಜಿಂಗ್ ಪ್ಲಗ್ ಕೀಳು. ೩. ವೈರು ಹಾಕು. ೪. ಇನ್ವರ್ಟರ್ ಆನ್. ಕರೆಂಟು ಹೋದಾಗಲೆಲ್ಲ ಅದನ್ನು ಗಟ್ಟಿಯಾಗಿ ಓದುತ್ತ ಒಂದೊಂದೇ ಮಾಡುತ್ತಿದ್ದರು. ಅಕ್ಕ ಪಕ್ಕದಲ್ಲಿ ನಿಂತು ತಲೆದೂಗುತ್ತಿದ್ದಳು, ಪೂಜೆಗೆ ನಿಂತವಳ ಹಾಗೆ. ಇದು ಅಪಾಯ ಎಂದು ನಾನು ಎರಡನೆಯ ಸಲ ಹೇಳಿದೆ. "ಬರೆದೇ ಇಟ್ಟಿದೀನಲ್ಲ, ಇನ್ನೇನು?" ಅಂದರು. ಅದರ ಮುಂದಿನ ಭಾನುವಾರ ಒಬ್ಬಟ್ಟು ಮಾಡಿದ್ದರು. ಊಟದ ಮಧ್ಯೆ ಕರೆಂಟು ಹೋಯಿತು, ಭಾವ ಎಂಜಲು ಕೈ ತೊಳೆದು ಬಂದು ನಾಲ್ಕೂ ಮಾಡಿದರು, ಫ್ಯಾನ್ ತಿರುಗಿತು. ನಾನು ಏನೂ ಹೇಳಲಿಲ್ಲ. ಫ್ಯಾನಿನ ಗಾಳಿಯಲ್ಲಿ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ.

ಇನ್ನು ಆ ಭಾನುವಾರ.

ಹಿಂದಿನ ಸಂಜೆ ಜೋರು ಗಾಳಿ ಬೀಸಿತ್ತು. ಕಂಬದಿಂದ ಅಕ್ಕನ ಮನೆಗೆ ಬರುವ ತಂತಿಯ ಗಂಟು ಕಂಬದ ಬಳಿ ಸುಟ್ಟುಹೋಗಿತ್ತು. ಬೀದಿಗೆಲ್ಲ ಕರೆಂಟಿತ್ತು, ಈ ಮನೆಗೆ ಮಾತ್ರ ಇರಲಿಲ್ಲ. ಭಾವ ಬೆಳಿಗ್ಗೆಯೇ ಕರೆಂಟ್ ಆಫೀಸಿಗೆ ಫೋನ್ ಮಾಡಿ, ಆಮೇಲೆ ತಮ್ಮ ನಾಲ್ಕು ಸಾಲು ಓದಿಕೊಂಡು ಇನ್ವರ್ಟರ್ ಹಾಕಿದ್ದರು. ಹತ್ತೂವರೆಗೆ ಲೈನ್‌ಮ್ಯಾನ್ ಬಂದರು. ಬೈಕಿನ ಹಿಂದೆ ಏಣಿ ಹಿಡಿದು ಕೂತು ಬಂದಿದ್ದ ಇನ್ನೊಬ್ಬ ಲೈನ್‌ಮ್ಯಾನ್, ಏಣಿ ಇಳಿಸಿಕೊಟ್ಟು ಬೇರೆ ಕಂಪ್ಲೇಂಟಿಗೆ ಹೋದರು. ಉಳಿದವರಿಗೆ ನಲವತ್ತರ ಮೇಲಾಗಿತ್ತು. ಕೈಗೆ ಗ್ಲೌಸ್ ಇರಲಿಲ್ಲ. ಇದನ್ನೂ ಹೇಳಬೇಕು. ಇರಲಿಲ್ಲ.

ಹತ್ತುವ ಮುಂಚೆ ಅವರು ಗೇಟಿನ ಬಳಿ ನಿಂತು ಕೇಳಿದರು. "ಸಾರ್, ಮೇನ್ ಆಫ್ ಮಾಡಿದೀರಾ? ಇನ್ವರ್ಟ್ರು ಗಿನ್ವರ್ಟ್ರು ಬೋರ್ಡಿಗೆ ಕೊಟ್ಟಿದೀರಾ?"

"ಬೋರ್ಡಿಗೆ ಏನೂ ಕೊಟ್ಟಿಲ್ಲಪ್ಪ. ಮೇನ್ ಆಫ್ ಇದೆ. ಹತ್ತು, ಹತ್ತು" ಅಂದರು ಭಾವ.

ಆಗ ಮೇನ್ ನಿಜವಾಗಿಯೂ ಆಫ್ ಇತ್ತು. ಅವರು ಹತ್ತಿದರು, ಅಕ್ಕನ ಮನೆಯ ತಂತಿಯನ್ನು ಕಂಬದಿಂದ ಕತ್ತರಿಸಿದರು, ತುಂಡಾದ ತುದಿಗೆ ಟೆಸ್ಟರ್ ಮುಟ್ಟಿಸಿ ನೋಡಿದರು. ಟೆಸ್ಟರನ್ನು ಜೇಬಿಗೆ ಹಾಕಿಕೊಂಡು ಇಕ್ಕಳ ತೆಗೆದು, ಸುಟ್ಟ ತುದಿಯನ್ನು ಹೆರೆಯತೊಡಗಿದರು. ಇದಿಷ್ಟೂ ನನಗೆ ಬಾಗಿಲಿನಿಂದ ಕಾಣುತ್ತಿತ್ತು.

ಹತ್ತು ನಿಮಿಷವಾಯಿತು. ಭಾವನಿಗೆ ತಾಳ್ಮೆ ಕೆಟ್ಟಿತು. "ಒಂದು ಗಂಟು ಕಟ್ಟೋಕೆ ಇಷ್ಟೊತ್ತಾ? ಸರ್ಕಾರಿ ಕೆಲ್ಸ ಅಂದ್ರೆ ಇಷ್ಟೇ" ಎನ್ನುತ್ತ ಬೋರ್ಡಿನ ಮುಂದೆ ಹೋಗಿ ನಿಂತರು. ಕೆಂಪು ದೀಪ ಹತ್ತಿರಲಿಲ್ಲ. ಬೆರಳಿನಿಂದ ಅದನ್ನು ಎರಡು ಸಲ ತಟ್ಟಿದರು. "ಈ ದೀಪ ನಂಬೋಕಾಗಲ್ಲ. ಮೇನ್ ಒಂದ್ಸಲ ಹಾಕಿ ನೋಡಣ."

ನನ್ನ ಬಾಯಲ್ಲಿ ಕಾಫಿ ಇತ್ತು. ಅದನ್ನು ನುಂಗಿದೆ. ಅಷ್ಟೇ ಹೊತ್ತು ಸಾಕಾಯಿತು ಭಾವನಿಗೆ.

ಮೊದಲು ಸ್ವಿಚ್ಚು ಮೇಲೆ ಹೋಯಿತು. ಆಮೇಲೆ ಕೆಂಪು ದೀಪ ಹತ್ತಿತು. ಆಮೇಲೆ ಭಾವ, "ಬಂತು! ಬಂತು ಕಣೇ, ಕರೆಂಟ್ ಬಂತು!" ಎಂದು ಅಕ್ಕನಿಗೆ ಕೂಗಿದರು. ಹೊರಗೆ ಯಾರೋ ಕೆಮ್ಮಿದಂಥ ಒಂದು ಸದ್ದು. ಇಕ್ಕಳ ಚರಂಡಿಯ ಚಪ್ಪಡಿಯ ಮೇಲೆ ಬಿದ್ದು ಟಣ್ ಎಂದಿತು. ಕೊನೆಯಲ್ಲಿ ಮನುಷ್ಯ ಬಿದ್ದರು. ಇವುಗಳ ನಡುವೆ ಎಣಿಸುವಷ್ಟು ಹೊತ್ತಿರಲಿಲ್ಲ, ಆದರೆ ಕ್ರಮ ಇದೇ. ಆ ದೀಪವನ್ನು ಹೊತ್ತಿಸಿದ್ದು ಬೀದಿಯ ಕರೆಂಟಲ್ಲ. ಭಾವನ ಇನ್ವರ್ಟರಿನಿಂದ ಹೊರಟು, ಎರಡೂ ಕಡೆ ಪಿನ್ನಿನ ಆ ವೈರಿನಲ್ಲಿ ಹಾದು, ಬೋರ್ಡು ದಾಟಿ, ಲೈನ್‌ಮ್ಯಾನ್ ಹಿಡಿದಿದ್ದ ತಂತಿಯ ತುದಿಗೆ ಹೋದ ಕರೆಂಟು ಅದು. ತಮ್ಮದೇ ಕರೆಂಟನ್ನು ನೋಡಿ ಅವರು ಬಂತು ಬಂತು ಎಂದು ಕುಣಿದರು.

ಮುಂದಿನದನ್ನೂ ಕ್ರಮವಾಗಿ ಹೇಳುತ್ತೇನೆ. ಭಾವ ಬಾಗಿಲ ಕಡೆ ತಿರುಗಿ ನೋಡಿದರು. ಅವರಿಗೆ ಅರ್ಥವಾಯಿತು, ಅದು ಮುಖದಲ್ಲಿ ಕಂಡಿತು. ಮೇನ್ ಇಳಿಸಿದರು. ಗೋಡೆಯಿಂದ ವೈರು ಕಿತ್ತರು, ಇನ್ವರ್ಟರಿನಿಂದಲೂ ಕಿತ್ತರು. ಮೊಣಕೈಗೆ ಸುತ್ತಿ ಸುರುಳಿ ಮಾಡಿದರು, ಉಗ್ರಾಣದಲ್ಲಿ ಮಾಡುವ ಹಾಗೆ ಅಚ್ಚುಕಟ್ಟಾಗಿ. "ಒಳಗಿಡು" ಎಂದು ಅಕ್ಕನ ಕೈಗೆ ಕೊಟ್ಟರು. ಅಕ್ಕ ಮಗಳ ಕೋಣೆಗೆ ಹೋದಳು. ಆಮೇಲೆ ಭಾವ ಹೊರಗೆ ಓಡಿ, ಬಿದ್ದವರ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ನೀರು ತನ್ನಿ ನೀರು ತನ್ನಿ ಎಂದು ಕೂಗಿದರು. ಆಟೋ ನಿಲ್ಲಿಸಿದ್ದೂ ಅವರೇ, ಆಸ್ಪತ್ರೆಗೆ ಜೊತೆಯಲ್ಲಿ ಹೋದದ್ದೂ ಅವರೇ. ಬೀದಿಯವರು ಹೊಗಳಿದರು. ಹೊಗಳುವಂಥದ್ದೇ. ಮೊದಲು ವೈರು, ಆಮೇಲೆ ಮನುಷ್ಯ ಎಂಬುದನ್ನು ಬೀದಿಯವರು ನೋಡಿರಲಿಲ್ಲ.

ನಾನು ನೋಡಿದ್ದೆ. ನಿಂತಲ್ಲೇ ನಿಂತಿದ್ದೆ. ಲೋಟದಿಂದ ಒಂದು ಹನಿ ಚೆಲ್ಲಿರಲಿಲ್ಲ.

ಲೈನ್‌ಮ್ಯಾನ್ ಸಾಯಲಿಲ್ಲ. ಬಲ ಅಂಗೈ ಸುಟ್ಟಿತ್ತು, ಭುಜದ ಮೂಳೆ ಮುರಿದಿತ್ತು.

ಮಧ್ಯಾಹ್ನ ಕರೆಂಟ್ ಆಫೀಸಿನಿಂದ ಎಂಜಿನಿಯರ್ ಬಂದರು. ಅಷ್ಟರಲ್ಲಿ ಭಾವ ಆಸ್ಪತ್ರೆಯಿಂದ ಬಂದು, ಬೋರ್ಡಿನ ಮುಚ್ಚಳದ ಒಳಗಿನ ನಾಲ್ಕು ಸಾಲನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ್ದರು. ನಮ್ಮ ಕಡೆ ಆ ಎಣ್ಣೆಗೆ ಏನು ಕೊರತೆ. ಮುಚ್ಚಳ ತೆಗೆದಾಗ ಅದು ಮಿರಮಿರ ಮಿಂಚಿತು. ಎಂಜಿನಿಯರ್ ಮೂಸಿದರು, ಬೆರಳಾಡಿಸಿದರು.

"ಇನ್ವರ್ಟರ್ ಇದೆಯಲ್ಲ?"

"ಇದೆ ಸಾರ್. ಬೋರ್ಡಿಗೆ ಸೇರಿಸೇ ಇಲ್ಲ. ನೀವೇ ನೋಡಿ. ಮಗಳು ಬಸ್ರಿ, ಗೋಡೆ ಕೊರೆಯೋ ಹಂಗಿಲ್ಲ ಅಂತ ಹಂಗೇ ಇಟ್ಟಿದೀವಿ."

ಬೋರ್ಡಿನಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಎಂಜಿನಿಯರ್ ನನ್ನ ಕಡೆ ನೋಡಿದರು. "ಅವಳು ಅಡುಗೆಮನೇಲಿದ್ಲು" ಅಂದರು ಭಾವ. ಅಕ್ಕ ಹೌದು ಅಂದಳು. ನಾನು ನೆಲ ನೋಡಿದೆ. ಆ ನೆಲದ ಟೈಲ್ಸಿನ ಮೇಲೆ ತಿಳಿ ಹಸಿರು ಗೀರುಗಳಿವೆ, ಅಲ್ಲಲ್ಲಿ ಕಂದು ಚುಕ್ಕೆ.

ಎಂಜಿನಿಯರ್ ಹೋದ ಮೇಲೆ ಭಾವ ಕೂತು ಬೆವರು ಒರೆಸಿಕೊಂಡರು. "ಸುಳ್ಳೇನು ಹೇಳ್ದೆ ನಾನು? ಬೋರ್ಡಿಗೆ ಸೇರ್ಸಿಲ್ಲ ಅಂದೆ. ಸೇರ್ಸಿದೀವಾ? ಅವ್ನು ಗ್ಲೌಸ್ ಹಾಕಿದ್ನಾ? ಹೇಳು ಮೇಷ್ಟ್ರಮ್ಮ, ಹಾಕಿದ್ನಾ?"

"ಇಲ್ಲ" ಅಂದೆ.

"ಮತ್ತೆ? ಮನೇಲಿ ಬಸ್ರಿ ಹುಡ್ಗಿ ಇಟ್ಕೊಂಡು ಪೊಲೀಸು ಗಿಲೀಸು ಅಂತ ಅಲೀಬೇಕಾ?"

ವಾರ ಕಳೆಯುವುದರಲ್ಲಿ ಗುಬ್ಬಿಯ ಬಸ್ಸಿನಲ್ಲಿ ಸುದ್ದಿ ಗೊತ್ತಾಯಿತು. ಆ ಲೈನ್‌ಮ್ಯಾನ್ ಗುಬ್ಬಿಯ ಪಕ್ಕದ ಹಳ್ಳಿಯವರು, ಗುತ್ತಿಗೆಯ ಕೆಲಸದಲ್ಲಿದ್ದವರು. ಅವರೇ ಅಜಾಗ್ರತೆಯಿಂದ ಪಕ್ಕದ ಮನೆಯ ಕರೆಂಟಿದ್ದ ತಂತಿ ಹಿಡಿದರು ಎಂದು ವರದಿಯಾಗುತ್ತದಂತೆ. ಹಾಗಾದರೆ ಕೆಲಸ ಹೋಗುತ್ತದೆ.

ಆಗ ನಾನು ಮಾಡಿದ್ದೇನೆಂದರೆ, ಕುಣಿಗಲ್ಲಿಗೆ ಹೋದೆ. ನನ್ನ ಬದಲು ಆ ಎಲೆಕ್ಟ್ರಿಷಿಯನ್ನೇ ನಿಜ ಹೇಳಿಬಿಡಲಿ, ನಾನು ಅಕ್ಕನ ಮನೆಗೆ ಹೋಗಿಬಂದು ಮಾಡಿಕೊಂಡಿರಬಹುದು ಎಂಬ ಆಸೆಯಿಂದ. ಬಸ್ ಸ್ಟ್ಯಾಂಡಿನ ಹತ್ತಿರವೇ ಅವನ ಅಂಗಡಿ. ಬಾಗಿಲಿನ ಕೊಂಡಿಯಲ್ಲಿ ಎರಡೂ ಕಡೆ ಪಿನ್ನಿನ ವೈರುಗಳು ರಬ್ಬರ್ ಬ್ಯಾಂಡ್ ಹಾಕಿ ನೇತಾಡುತ್ತಿದ್ದವು. ಐದು. ಮಾರಾಟಕ್ಕೆ, ಹೂವಿನ ಹಾರದ ಹಾಗೆ.

"ನಾನು ಬ್ಯಾಟ್ರಿ ಇಟ್ಟು ಬಂದಿದ್ದಷ್ಟೇ ಮೇಡಂ. ವೈರಾ? ಯಾವ ವೈರು?" ಅಂದ, ಆ ಐದರ ಕೆಳಗೆ ನಿಂತು. ಆಮೇಲೆ ದನಿ ಇಳಿಸಿ, "ಗೋಡೆ ಕೊರೀತೀನಿ ಅಂದೆ. ಬಸ್ರಿ ಮನೆ ಅಂದ್ರಿ. ನಾನೇನು ಮಾಡ್ಲಿ? ಕಸ್ಟಮರ್ ಕೇಳಿದ್ದು ಕೊಡೋದೇ ನಮ್ಮ ಕೆಲ್ಸ. ಟೀ ಕುಡೀತೀರಾ?"

ಕುಡಿಯಲಿಲ್ಲ. ಅದನ್ನು ದೊಡ್ಡ ಧೈರ್ಯವೆಂದು ಬಸ್ಸಿನುದ್ದಕ್ಕೂ ಅಂದುಕೊಂಡು ಬಂದೆ.

ಮರುದಿನ ಕಾಲೇಜು ಮುಗಿದ ಮೇಲೆ ಲೈನ್‌ಮ್ಯಾನ್ ಮನೆ ಕೇಳಿಕೊಂಡು ಹೋದೆ. ತೆಂಗಿನ ಮರದ ನೆರಳಿನಲ್ಲಿ ಮಂಚ ಹಾಕಿಕೊಂಡು ಕೂತಿದ್ದರು. ಬಲಗೈ ಪೂರ್ತಿ ಬ್ಯಾಂಡೇಜು. ನಾನು ಆ ಮನೆಯವಳೆಂದು ಹೇಳಿದೆ. ಎದ್ದು ನಿಲ್ಲಲು ನೋಡಿದರು, ಬೇಡ ಅಂದೆ. ಅವರ ಹೆಂಡತಿ ಕಾಫಿ ತಂದುಕೊಟ್ಟು ಪಕ್ಕದಲ್ಲೇ ನಿಂತಳು.

"ನಿಮ್ಮ ಭಾವ ದೇವರಂಥೋರು ಮೇಡಂ. ಆಸ್ಪತ್ರೆಗೆ ಸೇರ್ಸಿದ್ರು" ಅಂದರು.

ನಾನು ಕಾಫಿ ಕುಡಿದೆ.

"ಒಂದೇ ಅರ್ಥ ಆಗ್ತಿಲ್ಲ. ನಾನು ತಂತಿ ಕಟ್ ಮಾಡಿದ್ದೆ. ಕಟ್ ಮಾಡಿದ ತಂತೀಲಿ ಕರೆಂಟು ಎಲ್ಲಿಂದ ಬಂತು ಅಂತ ಯಾರೂ ಕೇಳ್ತಿಲ್ಲ. ನೀನ್ಯಾಕೆ ಮುಟ್ದೆ ಅಂತಾರೆ. ಪಕ್ಕದ ಮನೆ ತಂತಿ ಹಿಡ್ದೆ ಅಂತಾರೆ. ಮಲಗಿದ್ರೂ ಅದೇ. ಹಿಡಿದ್ನಾ? ಟೆಸ್ಟರ್ ಇಟ್ಟು ನೋಡಿದ್ದೆ ಮೇಡಂ. ನೋಡಿದ್ದೆ ಅಂತ ನೆನಪು. ಈಗ ಅದೂ ಡೌಟು."

"ಕುಡ್ದು ಹತ್ತಿದ್ದ ಅಂತಾನೂ ಅಂತವ್ರೆ ಊರೋರು" ಅಂದಳು ಹೆಂಡತಿ. ಗಂಡನ ಕಡೆ ನೋಡದೆ ಅಂದಳು. ಅವಳಿಗೂ ಪೂರ್ತಿ ನಂಬಿಕೆ ಇರಲಿಲ್ಲ ಎಂದು ನನಗೆ ತಿಳಿಯಿತು.

"ನೀವು ಟೆಸ್ಟರ್ ಇಟ್ಟಿದ್ದು ನಾನು ನೋಡಿದೆ" ಅಂದೆ.

"ಇಟ್ಟಿದ್ನಾ?"

"ಇಟ್ಟಿದ್ರಿ. ಆಮೇಲೆ ಜೇಬಿಗೆ ಹಾಕ್ಕೊಂಡ್ರಿ."

"ನೋಡೇ, ಇಟ್ಟಿದ್ನಂತೆ" ಎಂದರು ಹೆಂಡತಿಗೆ. ಅಷ್ಟಕ್ಕೇ ಅವರ ಮುಖ ಬದಲಾಯಿತು. ನಾನು ಅಷ್ಟನ್ನೇ ಕೊಟ್ಟು, ಹುಷಾರಾಗಿರಿ ಎಂದು ಹೇಳಿ, ಐದೂವರೆಯ ಬಸ್ ಹಿಡಿದೆ. ಹಸಿದವರ ಎಲೆಗೆ ಉಪ್ಪು ಬಡಿಸಿ ಎದ್ದು ಬಂದವಳ ಹಾಗೆ. ಅವತ್ತು ಭಾವನ ಮೇಲೆ ನನಗಿದ್ದ ಅಸಹ್ಯವನ್ನೂ ನನ್ನ ಮೇಲೆ ನನಗಿದ್ದ ಅಸಹ್ಯವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು, ಅಷ್ಟೇ ವ್ಯತ್ಯಾಸ.

ವೈರು ನನಗೆ ಸಿಕ್ಕಿದ್ದು ಹುಡುಗಿಯಿಂದ. ಆ ಶನಿವಾರ ಅಕ್ಕ ಭಾವ ದೇವಸ್ಥಾನಕ್ಕೆಂದು ಯಡಿಯೂರಿಗೆ ಹೋಗಿದ್ದರು, ಅವಳಿಗೆ ಜೊತೆಯಾಗಿರಲು ನನ್ನನ್ನು ಕರೆದಿದ್ದರು. ಹೆರಿಗೆಗೆ ಆಸ್ಪತ್ರೆಗೆ ಒಯ್ಯಲು ಅಕ್ಕ ಒಂದು ಬ್ಯಾಗು ಸಿದ್ಧ ಮಾಡಿಟ್ಟಿದ್ದಳು. ಮಗುವನ್ನು ಸುತ್ತಲು ಹಳೆಯ ಹತ್ತಿ ಸೀರೆಗಳು, ಟವೆಲು, ಫ್ಲಾಸ್ಕು. ಹುಡುಗಿ ಆ ಬ್ಯಾಗಿನೊಳಗೆ ಕೈಹಾಕಿ ಸೀರೆಗಳ ಕೆಳಗಿನಿಂದ ಸುರುಳಿಯನ್ನು ತೆಗೆದಳು.

"ಚಿಕ್ಕಮ್ಮ, ಇದು ನನ್ನ ಮಗು ಬಟ್ಟೆ ಜೊತೆ ಯಾಕಿದೆ?"

ನಾನು ಅದರ ಎರಡು ತುದಿಗಳನ್ನು ನೋಡಿದೆ.

"ನಂಗೆ ಗೊತ್ತು. ಅವತ್ತು ಅಮ್ಮ ತಂದಿಡೋದು ನೋಡ್ದೆ. ನೀವೂ ನಡುಮನೇಲೇ ನಿಂತಿದ್ರಿ" ಅಂದಳು. ಸುರುಳಿಯನ್ನು ನನ್ನ ತೊಡೆಯ ಮೇಲಿಟ್ಟಳು. "ತಗೊಂಡ್ಹೋಗಿ. ಇದು ಇರೋ ಬ್ಯಾಗಿಂದ ಬಟ್ಟೆ ತೆಗೆದು ನನ್ನ ಮಗೂಗೆ ಸುತ್ತಲ್ಲ ನಾನು."

ಮನೆಗೆ ತಂದು, ಬೇರೇನೂ ತೋಚದೆ, ಅಳತೆ ಟೇಪು ಹಿಡಿದು ಅಳೆದೆ. ಹದಿಮೂರು ಅಡಿ ನಾಲ್ಕು ಇಂಚು. ಆಮೇಲೆ ಕೂತು ಬರೆದೆ. ಯಾವ ಜಾಗದಲ್ಲಿ ನಿಂತಿದ್ದೆ, ಅಲ್ಲಿಂದ ಏನು ಕಾಣುತ್ತದೆ, ಯಾವುದರ ಹಿಂದೆ ಯಾವುದಾಯಿತು. ಎರಡು ಪುಟ.

ಸೋಮವಾರ ಎಂಜಿನಿಯರ್ ಕಚೇರಿಗೆ ಹೋಗಿ ಪುಟಗಳನ್ನೂ ವೈರನ್ನೂ ಮೇಜಿನ ಮೇಲಿಟ್ಟೆ. ಅವರು ವೈರಿನ ಎರಡು ತುದಿಗಳನ್ನೂ ಎತ್ತಿ ನೋಡಿದರು, ಒಂದು ನಿಟ್ಟುಸಿರು ಬಿಟ್ಟರು. ಎರಡು ಪುಟವನ್ನೂ ಓದಿದರು.

"ಎಣ್ಣೆ ವಾಸನೆ ಬಂದಾಗ್ಲೇ ಅನ್ಕೊಂಡೆ" ಅಂದರು. "ಮೇಡಂ, ನೀವು ಪಾಠ ಮಾಡೋದು ಯಾವ ಸಬ್ಜೆಕ್ಟು?"

"ಭೌತಶಾಸ್ತ್ರ."

ಅವರು ಪುಟಗಳನ್ನು ಮತ್ತೊಮ್ಮೆ ತಿರುವಿ ನೋಡಿದರು. "ಈ ವೈರನ್ನ ನೀವು ಮೊದಲ ಸಲ ನೋಡಿದ್ದು ಯಾವಾಗ? ಅದನ್ನ ಬರೆದಿಲ್ಲ."

ಬರೆದಿರಲಿಲ್ಲ. ಅಷ್ಟು ಕ್ರಮವಾಗಿ, ಅಷ್ಟು ಜಾಗ್ರತೆಯಿಂದ ಬರೆದವಳು, ಭಾನುವಾರ ಹತ್ತೂವರೆಯಿಂದ ಆಚೆಗೆ ಮಾತ್ರ ಬರೆದಿದ್ದೆ. ಅವರ ಪೆನ್ನನ್ನೇ ಕೇಳಿ ಪಡೆದು ಕೆಳಗೆ ಸೇರಿಸಿದೆ: ಈ ವೈರನ್ನು ಮಾಡಿದ ದಿನವೇ ನೋಡಿದ್ದೆ. ಇದರಿಂದ ಏನಾಗಬಹುದೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ. ಲೈನ್‌ಮ್ಯಾನ್ ಇನ್ವರ್ಟರ್ ಇದೆಯೇ ಎಂದು ಕೇಳಿದಾಗ ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಕೆಳಗೆ ಮತ್ತೆ ಸಹಿ ಹಾಕಿದೆ.

ಅಕ್ಕನ ಮನೆಗೆ ನೋಟಿಸ್ ಹೋಯಿತು. ವೈರಿಂಗ್ ಸರಿಪಡಿಸಿ ತೋರಿಸುವವರೆಗೂ ಕರೆಂಟು ಕಡಿದರು. ಆ ಸೆಕೆಯಲ್ಲಿ ಹುಡುಗಿಯನ್ನು ಅಲ್ಲಿಟ್ಟುಕೊಳ್ಳಲಾಗದೆ ಕುಣಿಗಲ್ಲಿಗೇ ವಾಪಸ್ಸು ಕಳಿಸಿದರು. ಅವಳು ಹೋದ ಮಾರನೆಯ ದಿನ ಗೋಡೆ ಕೊರೆದರು. ಅರ್ಧ ದಿನದಲ್ಲಿ ಮುಗಿಯಿತಂತೆ. ಭಾವ ನನಗೆ ಫೋನ್ ಮಾಡಿದ್ದು ಒಂದೇ ಸಲ. "ಚೊಚ್ಚಲ ಹೆರಿಗೆ ಗಂಡನ ಮನೇಲಿ ಆಗೋ ಹಂಗೆ ಮಾಡ್ದಲ್ಲ, ನಿನ್ನ ಪುಸ್ತಕಕ್ಕೆ ಬೆಂಕಿ ಹಾಕ" ಅಂದರು. ಅಕ್ಕ ಫೋನ್ ಮಾಡುವುದಿಲ್ಲ. ಹೆಣ್ಣು ಮಗು ಹುಟ್ಟಿದ್ದನ್ನು ಹುಡುಗಿಯೇ ತಿಳಿಸಿದಳು.

ವರದಿಯನ್ನು ಬದಲಾಯಿಸುತ್ತೇವೆ ಎಂದು ಎಂಜಿನಿಯರ್ ಹೇಳಿದ ದಿನ, ನನ್ನ ಹೇಳಿಕೆಯ ಒಂದು ಪ್ರತಿ ತೆಗೆದುಕೊಂಡು ಗುಬ್ಬಿಯಿಂದ ಮತ್ತೆ ಆ ಹಳ್ಳಿಗೆ ಹೋದೆ. ಲೈನ್‌ಮ್ಯಾನ್ ಅದೇ ಮಂಚದ ಮೇಲಿದ್ದರು. ಬ್ಯಾಂಡೇಜು ಸಣ್ಣದಾಗಿತ್ತು. ಎಡಗೈಯಲ್ಲಿ ಹಾಳೆ ಹಿಡಿದು ಓದಿದರು, ಅಕ್ಷರ ಅಕ್ಷರವಾಗಿ. ಒಂದನೆಯ ಪುಟದ ಮಧ್ಯೆ ನಿಂತು, ಅದೇ ಸಾಲನ್ನು ಎರಡು ಸಲ ಓದಿದರು. ಎರಡನೆಯ ಪುಟದ ಕೊನೆಗೆ ಬಂದಾಗ, ಬೇರೆ ಪೆನ್ನಿನಲ್ಲಿ ಬರೆದ ಸಾಲುಗಳ ಬಳಿ, ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೆ ತಲೆ ತಗ್ಗಿಸಿ ಅದನ್ನು ಮುಗಿಸಿದರು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಕಾಫಿ ತಂದಿರಲಿಲ್ಲ.

"ಏನಂತ ಬರ್ದವ್ರೆ?" ಅಂದಳು.

ಅವರು ಹಾಳೆಯನ್ನು ಮಡಿಸಿದರು. ಒಂದೇ ಕೈಯಲ್ಲಿ ಮಡಿಸಲು ಹೊತ್ತು ಹಿಡಿಯಿತು. ನಾನು ಕೈ ಚಾಚಲಿಲ್ಲ.

"ನಾನು ಸರ್ಯಾಗೇ ಕಟ್ ಮಾಡಿದ್ದೆ ಅಂತ" ಅಂದರು.

ಉಳಿದದ್ದನ್ನು ಅವಳಿಗೆ ಹೇಳಲಿಲ್ಲ.